ಪಹಣಿ ನೋಡಿ ಹಣ ಹಾಕಿದರೆ

ಪಿಎಂ ಕಿಸಾನ್ ಕಂತು ಜಮೆಯಾದಾಗಲೆಲ್ಲ ಚಳ್ಳಕೆರೆ ಪೇಟೆಯಲ್ಲಿ ಒಂದೇ ರಾಗ: ‘ರೈತರನ್ನು ಕೂರಿಸಿ ಉಣ್ಣಿಸುತ್ತಿದ್ದಾರೆ.’ ವರ್ಷಕ್ಕೆ 6,000 ರೂಪಾಯಿ, ಅದೂ ಮೂರು ಕಂತಿನಲ್ಲಿ. ದಿನಕ್ಕೆ 16 ರೂಪಾಯಿ ಚಿಲ್ಲರೆ. ಇಷ್ಟರಲ್ಲಿ ಕೂತು ಉಣ್ಣುವ ವಿದ್ಯೆ ಯಾರಿಗಾದರೂ ಗೊತ್ತಿದ್ದರೆ ಹಳ್ಳಿಗೆ ಬಂದು ಕಲಿಸಲಿ. ಶೇಂಗಾ ಬಿತ್ತಲು ಎಕರೆಗೆ 40 ಕೆಜಿ ಕಾಳಾದರೂ ಬೇಕು. ಕೆಜಿಗೆ ನೂರು ರೂಪಾಯಿ ಎಂದು ಹಿಡಿದರೂ ಎರಡು ಕಂತು ಅಲ್ಲಿಗೇ ಮುಗಿಯಿತು. ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆಯುವ ಕೂಲಿ, ಕಾಯಿ ಬಿಡಿಸುವ ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಬೊಕ್ಕಸ ಬರಿದಾಗುತ್ತದೆ ಎನ್ನುವವರಿಗೆ: ಇಡೀ ದೇಶಕ್ಕೆ ಸೇರಿ 2024-25ರ ಬಜೆಟ್‌ನಲ್ಲಿ ಈ ಯೋಜನೆಗೆ ಇಟ್ಟದ್ದು 60,000 ಕೋಟಿ. ಯೋಜನೆ ಶುರುವಾದ 2019ರಲ್ಲೇ ಕಂಪನಿ ತೆರಿಗೆ ಇಳಿಸಿ, ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತ್ತು. ಉದ್ಯಮಿಗಳು ಸೋಮಾರಿಗಳಾದಾರು ಎಂದು ಆಗ ಯಾರೂ ಅಂಜಲಿಲ್ಲ.

‘ಭಿಕ್ಷೆ ಬೇಡ, ಬೆಲೆ ಕೊಡಿ’ ಎಂಬ ರೈತ ಸಂಘಟನೆಗಳ ಮಾತಿಗೆ ತೂಕವಿದೆ. ಬೆಲೆ ಬೇಕು, ಒಪ್ಪಿದೆ. ಆದರೆ ಬೆಲೆ ಸಿಗುವುದು ಮಾರಲು ಕಾಯಿ ಇದ್ದವನಿಗೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು, ಬಳ್ಳಿ ಕಿತ್ತರೆ ಬುಡದಲ್ಲಿ ಬರೀ ಜೊಳ್ಳು ಕಂಡವನು ಬೆಂಬಲ ಬೆಲೆಯ ಕೇಂದ್ರಕ್ಕೆ ಏನು ಒಯ್ಯಬೇಕು? ಇನ್ನೊಂದು ಮಾತು. ಶೇಂಗಾ ಬೆಂಬಲ ಬೆಲೆ 2019-20ರಲ್ಲಿ ಕ್ವಿಂಟಲ್‌ಗೆ 5,090 ಇದ್ದದ್ದು 2025-26ಕ್ಕೆ 7,263 ಆಗಿದೆ. ಖರ್ಚು ಏರಿದೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಕಿಸಾನ್ ಕಂತು ಮಾತ್ರ 2,000ದಲ್ಲೇ ಉಳಿದಿದೆ. ಅದರ ಮೇಲೆ ರಾಜ್ಯ ಕೊಡುತ್ತಿದ್ದ 4,000ವೂ 2023ರಲ್ಲಿ ನಿಂತಿತು.

‘ಊರು ಬಿಟ್ಟು ಬೆಂಗಳೂರು ಸೇರಿದವರಿಗೂ ದುಡ್ಡು ಬರುತ್ತಿದೆ’ ಎನ್ನುತ್ತಾರೆ. ನಿಜ. ಆದಾಯ ತೆರಿಗೆ ಕಟ್ಟುವವರು, ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರು, ವೈದ್ಯರು, ವಕೀಲರು ಯೋಜನೆಗೆ ಹೊರಗು. ಆದರೂ ನೇಗಿಲು ಮುಟ್ಟದ ಎಷ್ಟೋ ಮಂದಿ ಒಳಗಿದ್ದಾರೆ, ಏಕೆಂದರೆ ಹಣ ಬರುವುದು ಪಹಣಿಯ 9ನೇ ಕಾಲಂ ನೋಡಿ. ಅಲ್ಲಿರುವುದು ಮಾಲೀಕನ ಹೆಸರು. ಸಾಗುವಳಿದಾರನಿಗೆಂದು 12ನೇ ಕಾಲಂ ಇದೆ, ಅದರಲ್ಲೂ ಸಾಮಾನ್ಯವಾಗಿ ಮಾಲೀಕನೇ. 1974ರ ಭೂಸುಧಾರಣೆಯ ನಂತರ ಗೇಣಿಗೆ ಕೊಡುವುದೇ ಕಾನೂನುಬಾಹಿರವಾದ್ದರಿಂದ ಗುತ್ತಿಗೆ ಬರೀ ಬಾಯಿಮಾತಿನದು. ನಾಲ್ಕೆಕರೆ ಗುತ್ತಿಗೆ ಹಿಡಿದವನು ಮುಂಗಡ ಕೊಟ್ಟು, ಸಾಲ ಮಾಡಿ ಬಿತ್ತುತ್ತಾನೆ. ಕಂತು, ಬೆಳೆ ಪರಿಹಾರ ಎರಡೂ ಮಾಲೀಕನ ಖಾತೆಗೆ. ತಾತನ ಹೆಸರಿನಲ್ಲೇ ಉಳಿದ ಜಮೀನು ಉಳುವ ಮೊಮ್ಮಗನೂ ಪೌತಿ ಖಾತೆ ಆಗುವ ತನಕ ನಾಡಕಚೇರಿಗೆ ಅಲೆಯಬೇಕು. ಹೀಗಿರುವಾಗ ಯೋಜನೆಯನ್ನೇ ನಿಲ್ಲಿಸಿ ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಹಣ ಉಳುವವರಿಗೇ ಸಿಗಲಿ ಎಂದರೆ, ‘ಗುತ್ತಿಗೆದಾರರನ್ನು ಪತ್ತೆ ಹಚ್ಚುವುದು ಹೇಗೆ?’ ಎಂಬುದು ಅಧಿಕಾರಿಗಳ ಪ್ರಶ್ನೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಪ್ರತಿ ಹಂಗಾಮಿಗೂ ಫೋಟೊ ಏರುತ್ತದೆ. ಬೆಳೆದವರು ಯಾರು ಎಂಬ ಒಂದು ಪ್ರಶ್ನೆ ಅದಕ್ಕೆ ಸೇರಲಿ. ಒಡಿಶಾದ ಕಾಲಿಯಾ ಯೋಜನೆ ಗೇಣಿದಾರರಿಗೂ ಭೂರಹಿತರಿಗೂ ಹಣ ಕೊಟ್ಟಿತು.

ಜಮೀನು ಕೈತಪ್ಪೀತು ಎಂಬ ಮಾಲೀಕರ ಭಯಕ್ಕೂ ಚಳ್ಳಕೆರೆಯ ಗಡಿಯಾಚೆಯೇ ಉತ್ತರವಿದೆ. ಆಂಧ್ರ 2019ರಲ್ಲಿ ಕಾನೂನು ತಂದು, ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟದಂತೆ, 11 ತಿಂಗಳ ಸಾಗುವಳಿ ಪತ್ರ ಕೊಟ್ಟಿತು. ಮಾಲೀಕನ ಸಹಿ ಬೇಕೆಂಬ ಷರತ್ತಿನಿಂದ ಅಲ್ಲೂ ಹಲವರಿಗೆ ಪತ್ರ ದಕ್ಕಲಿಲ್ಲ. ನಾವು ಆ ಷರತ್ತು ಬಿಟ್ಟು, ಬೆಳೆ ಸಮೀಕ್ಷೆಯ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿದರೆ ಸಾಕು. ಯಾರ ಹೊಲ ಯಾರು ಉಳುತ್ತಿದ್ದಾರೆಂದು ಊರಿಗೆ ಗೊತ್ತು.