ಮೂರೂವರೆ ಗಂಟೆ ಮುಂದೆ

ಡೊಂಬಿವಲಿಯಿಂದ ದಾದರಿಗೆ ಹನ್ನೊಂದು ವರ್ಷ ಲೋಕಲ್‌ನಲ್ಲಿ ಜೋತಾಡಿದವನು ನಾನು. ಭಜನೆ, ಜಗಳ, ಇಸ್ಪೀಟು, ಫೋನಿನಲ್ಲಿ ಮನೆವಾರ್ತೆ ಎಲ್ಲವೂ ಆ ಡಬ್ಬಿಯಲ್ಲೇ, ನಿಮಗೆ ಹೇಳಬೇಕಿಲ್ಲ. ಹಾಗಾಗಿ ಕಂಪನಿ ಟೋಕಿಯೋಗೆ ಕಳಿಸಿದಾಗ ಊಟದ ಚಿಂತೆಯಿತ್ತು, ಭಾಷೆಯ ಚಿಂತೆಯಿತ್ತು, ರೈಲಿನದ್ದು ಮಾತ್ರ ಇರಲಿಲ್ಲ.

ಮನೆ ಸಿಕ್ಕಿದ್ದು ನಿಶಿಕಸಾಯ್‌ನಲ್ಲಿ. ನಮ್ಮವರು ಬಹಳ ಇರುವ ಜಾಗ, ತೊಗರಿಬೇಳೆಗೆ ತೊಂದರೆಯಿಲ್ಲ. ಅಲ್ಲಿಂದ ಹೊರಡುವ ತೋಝಾಯ್ ಲೈನಿನ ಬೆಳಗಿನ ನೂಕುನುಗ್ಗಲೂ ಪರಿಚಿತವೇ. ಆದರೆ ಸದ್ದಿಲ್ಲ! ಅಷ್ಟು ಜನ ಮೈಗೆ ಮೈ ತಾಗಿಸಿ ನಿಂತೂ ತುಟಿ ಬಿಚ್ಚುವುದಿಲ್ಲ. ಫೋನನ್ನು 'ಮ್ಯಾನರ್ ಮೋಡ್'ನಲ್ಲಿಡಿ, ಮಾತಾಡಬೇಡಿ ಎಂದು ರೈಲಿನಲ್ಲೇ ವಿನಂತಿಸುತ್ತಾರೆ. ಎಷ್ಟು ಸುಖ, ಮುಂಬಯಿಯವರು ಕಲಿಯಬೇಕು ಎಂದುಕೊಂಡೆ.

ಮೂರನೇ ವಾರ, ಬೆಳಿಗ್ಗೆ 8.30. ಜೇಬಿನಲ್ಲಿ ಫೋನ್ ಅದುರಿತು. ಉಡುಪಿಯಿಂದ ಅಮ್ಮ. ಅಲ್ಲಿ ಆಗ 5 ಗಂಟೆ. ಆ ಹೊತ್ತಿಗೆ ಅವಳು ಸುಮ್ಮನೆ ಫೋನ್ ಮಾಡುವವಳಲ್ಲ. ಮತ್ತೆ ಅದುರಿತು. ಮುಂದಿನ ಸ್ಟೇಷನ್ ಕಿಬಾಕ್ಕೆ ಇನ್ನೆರಡು ನಿಮಿಷ. ಸುತ್ತ ನಿಂತವರ ಮುಖ ನೋಡಿದೆ. ಎತ್ತಲಿಲ್ಲ.

ಕಿಬಾದಲ್ಲಿ ಇಳಿದು ನಾನೇ ಮಾಡಿದೆ.

"ಎಂತಕ್ಕೆ ಫೋನ್ ತೆಗೀಲಿಲ್ಲ ಮಗಾ? ಅಪ್ಪನಿಗೆ ಎದೆನೋವು. ಆಸ್ಪತ್ರೆಗೆ ಹೊರಟಿದ್ದೇವೆ."

"ರೈಲಿನಲ್ಲಿದ್ದೆ ಅಮ್ಮ. ಇಲ್ಲಿ ಮಾತಾಡುವ ಹಾಗಿಲ್ಲ."

ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಅಪ್ಪ ನಾಲ್ಕನೇ ದಿನ ಮನೆಗೆ ಬಂದರು. ಆ ಎರಡು ನಿಮಿಷದ ಬಗ್ಗೆ ಅಮ್ಮ ಮತ್ತೆ ಕೇಳಿಲ್ಲ. ಈಗ ಫೋನ್ ಮಾಡುವ ಮೊದಲು ಮೆಸೇಜ್ ಕಳಿಸುತ್ತಾಳೆ: "ರೈಲಿನಲ್ಲಿ ಇದ್ದೀಯಾ?"