ಹಲಸಿನ ಮರದ ಕೆಳಗೆ ಬಿದ್ದ ಗ್ರಹಣ

2019ರ ಡಿಸೆಂಬರ್ 26, ಗುರುವಾರ, ಅಮಾವಾಸ್ಯೆ. ನಮಗೆ ಡೆಸ್ಕಿನವರು ಹೇಳಿದ್ದ ಕೆಲಸ ಇಷ್ಟೇ: ಬಾಗಿಲು ಹಾಕಿದ ಗುಡಿ, ಬಿಕೋ ಎನ್ನುವ ಬೀದಿ, ಎರಡು ಫೋಟೊ. ಖಾನಾಪುರದಿಂದ ಮೂವರು ಸುದ್ದಿಗಾರರು ಜಾಂಬೋಟಿ ದಾರಿ ಹಿಡಿದು ಕಣಕುಂಬಿ ಮುಟ್ಟಿದೆವು. ಮಲಪ್ರಭೆ ಹುಟ್ಟುವ ಊರು. ನಮ್ಮಲ್ಲೊಬ್ಬರ ಊರೂ ಅದೇ.

ಫೋಟೊ ಆಯಿತು. ವಾಪಸ್ ಹೊರಡುವಾಗ ಒಂದು ಶಾಲೆಯ ಅಂಗಳದಲ್ಲಿ ಮಕ್ಕಳ ಗದ್ದಲ ಕೇಳಿ ಬೈಕ್ ನಿಲ್ಲಿಸಿದೆವು. ಬಂದಿದ್ದವರು ಹದಿನೈದೇ ಮಕ್ಕಳು, ಉಳಿದವರನ್ನು ಮನೆಯವರು ಕಳಿಸಿರಲಿಲ್ಲ. ಮಾಸ್ತರರು ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಳಿ ಹಾಳೆ ಮೇಲೆ ಸೂರ್ಯನನ್ನು ಬೀಳಿಸಿದ್ದರು. ಬೆಳಿಗ್ಗೆ ಎಂಟರ ಹೊತ್ತಿಗೆ ಹಿಡಿದಿದ್ದ ಗ್ರಹಣ ಒಂಬತ್ತೂವರೆ ಸುಮಾರಿಗೆ ಜೋರಾಗಿತ್ತು. ಬಿಸಿಲು ಇತ್ತು, ಆದರೆ ಸಂಜೆಯ ಹಾಗೆ ಮಂಕು.

ಆಗ ಒಬ್ಬ ಹುಡುಗ ನೆಲ ತೋರಿಸಿ ಮರಾಠಿಯಲ್ಲಿ ಕೂಗಿದ. ಹಲಸಿನ ಮರದ ನೆರಳಿನ ತುಂಬ ಕುಡುಗೋಲಿನಂಥ ಸೂರ್ಯಗಳು, ನೂರಾರು! ಎಲೆ ಎಲೆಯ ನಡುವಿನ ಸಂದು ಒಂದೊಂದೂ ಮಾಸ್ತರರ ರಟ್ಟಿನ ತೂತಿನ ಕೆಲಸವನ್ನೇ ಮಾಡುತ್ತಿತ್ತು. ಮಕ್ಕಳು ಅಂಗೈ ಒಡ್ಡಿ ಅವನ್ನು ಹಿಡಿದರು. ನಾವೂ ಹಿಡಿದೆವು. ಹತ್ತು ವರ್ಷ ಸುದ್ದಿ ಬರೆದವರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾಚಿಕೆಯೇ.

ಒಬ್ಬ ಹುಡುಗಿ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಬಿಸ್ಕೀಟು ಕೊಟ್ಟರೆ ಚೀಲಕ್ಕೆ ಹಾಕಿಕೊಂಡಳು. "ಬಿಟ್ಟ ಮ್ಯಾಲೆ ತಿಂತೀನ್ರಿ" ಅಂದಳು.

ಅದೇ ಬೆಳಿಗ್ಗೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಾಗಿದ್ದನ್ನು ಜನ ನೆರೆದು ನೋಡಿದರು. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ, ವಾಸಿಯಾಗುತ್ತದೆಂದು ನಂಬಿ, ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಆ ಹೆತ್ತವರನ್ನು ಬೈದು ಬರೆಯುವುದು ಸುಲಭ. ಆದರೆ ಹಿಂದಿನ ವಾರವೆಲ್ಲ ಯಾವ ರಾಶಿಗೆ ಏನು ಕಂಟಕ ಅಂತ ಹೇಳುತ್ತಿದ್ದವರು ನಮ್ಮ ಕಸುಬಿನವರೇ. ನಾವು ಕಳಿಸಿದ ಫೋಟೊಗಳಲ್ಲಿ ಅಚ್ಚಾಗಿದ್ದೂ ಬಾಗಿಲು ಹಾಕಿದ ಗುಡಿಯೇ. ಹಲಸಿನ ನೆರಳಿಗೆ ಜಾಗ ಸಿಗಲಿಲ್ಲ. ನಾವು ಕೇಳಲೂ ಇಲ್ಲ.

1980ರ ಫೆಬ್ರವರಿ 16ರಂದು ಅಂಕೋಲಾದಿಂದ ರಾಯಚೂರಿನವರೆಗೆ ಹಗಲೇ ಕತ್ತಲಾಗಿತ್ತು. ಹುಬ್ಬಳ್ಳಿ ಹತ್ತಿರ ವಿಜ್ಞಾನಿಗಳು ದುರ್ಬೀನು ಹೂಡಿದ್ದರು. ನಮ್ಮ ಹಿರಿಯರು ಕಿಟಕಿ ಮುಚ್ಚಿ ಕೂತಿದ್ದರು. ಅವರಿಗೆ ಹೇಳುವವರು ಇರಲಿಲ್ಲ, ಇವತ್ತು ನಮ್ಮ ಕೈಯಲ್ಲಿ ಫೋನಿದೆ.

ಆದ್ದರಿಂದ ನಮ್ಮ ಮಾತು: ಗ್ರಹಣದ ದಿನ ಶಾಲೆ ತಡವಾಗಿ ತೆಗೆಯುವುದು ಬೇಡ, ಬೇಗನೇ ತೆಗೆಯಲಿ. ಬಿಸಿಯೂಟ ವೇಳೆಗೆ ಸರಿಯಾಗಿ ಆಗಲಿ. ಬರಿಗಣ್ಣಲ್ಲಿ, ಎಕ್ಸ್‌ರೇ ಹಾಳೆಯಲ್ಲಿ ಸೂರ್ಯನನ್ನು ನೋಡುವುದು ಖಂಡಿತ ಬೇಡ. ರಟ್ಟು, ಸೂಜಿ, ಬಿಳಿ ಹಾಳೆ ಸಾಕು.

2027ರ ಆಗಸ್ಟ್ 2ರ ಸಂಜೆ ನಮ್ಮ ಕಡೆ ಮತ್ತೆ ಒಂದಿಷ್ಟು ಸೂರ್ಯಗ್ರಹಣ ಇದೆ. ಆಗಸ್ಟಿನಲ್ಲಿ ಕಣಕುಂಬಿಯ ಮಳೆ ಸೂರ್ಯನ ಮುಖ ತೋರಿಸಿದರೆ ಹೇಳಿ! ಹಾಗಾದರೆ ಬೆಳಗಾವಿಯ ಮೂಡಲ ಬಯಲಿಗೆ ಹೋಗುವುದು ಅಂತ ನಾವು ಮೂವರೂ ಈಗಲೇ ಮಾತಾಡಿಕೊಂಡಿದ್ದೇವೆ. ಆ ಹುಡುಗಿ ಈಗ ಹೈಸ್ಕೂಲು ಮುಗಿಸಿರಬೇಕು.