ಆರೋಗ್ಯ ವಿಚಾರ: ರಕ್ತಾರ್ಬುದದ ಚಿಕಿತ್ಸೆಯಲ್ಲಿ ಬಾಯಿಯ ರಕ್ಷಣೆ

ಬಾಯಲ್ಲಿ ಹುಣ್ಣೆದ್ದರೆ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿಸಿ ಸುಮ್ಮನಾಗುವುದು ನಮ್ಮ ಮನೆಗಳ ರೂಢಿ. ಆದರೆ ಲ್ಯುಕೇಮಿಯಾ ಎಂಬ ರಕ್ತಾರ್ಬುದಕ್ಕೆ ಕೀಮೋಥೆರಪಿ ಪಡೆಯುತ್ತಿರುವವರ ವಿಷಯದಲ್ಲಿ ಈ ಔದಾಸೀನ್ಯವು ಪ್ರಾಣಕ್ಕೇ ಸಂಚಕಾರವಾದೀತು.

ಕಾರಣವನ್ನು ವಿಚಾರಿಸೋಣ. ಈ ಔಷಧಗಳು ಶೀಘ್ರವಾಗಿ ವೃದ್ಧಿಹೊಂದುವ ಜೀವಕೋಶಗಳನ್ನು ನಾಶಪಡಿಸತಕ್ಕವು. ರೋಗದ ಕೋಶಗಳು ಅಂತಹವು. ಒಂದೆರಡು ವಾರಗಳಲ್ಲಿ ಹೊಸದಾಗುವ ಬಾಯಿಯ ಒಳಪೊರೆಯೂ ಅಂತಹುದೇ. ಔಷಧಕ್ಕೆ ಶತ್ರುಮಿತ್ರಭೇದ ತಿಳಿಯದು. 1948ರಲ್ಲಿ ಬೋಸ್ಟನ್ ನಗರದ ಸಿಡ್ನಿ ಫಾರ್ಬರರು ಮಕ್ಕಳ ರಕ್ತಾರ್ಬುದವನ್ನು ತಾತ್ಕಾಲಿಕವಾಗಿ ತಗ್ಗಿಸಿದ ವರದಿಯನ್ನು ಪ್ರಕಟಿಸಿದರು. ಅವರು ಬಳಸಿದ ಅಮಿನಾಪ್ಟೆರಿನ್, ಆಂಧ್ರದ ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರ ಬಳಗವು ಸಿದ್ಧಪಡಿಸಿದ ಔಷಧ. ಅದೂ ಬಾಯಿಹುಣ್ಣನ್ನು ತರುತ್ತಿತ್ತು. ಅದೇ ವರ್ಗದ ಮೆಥೊಟ್ರೆಕ್ಸೇಟ್ ಇಂದಿಗೂ ತರುವುದುಂಟು.

ಔಷಧ ಕೊಟ್ಟ ಸುಮಾರು 5ರಿಂದ 10 ದಿನಗಳಲ್ಲಿ ಉರಿ, ಕೆಂಪು, ಅನಂತರ ಹುಣ್ಣು ತೋರುವುವು. ಆಗಲೇ ರಕ್ತದ ಬಿಳಿಯ ಕಣಗಳೂ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಕುಗ್ಗುವುವು. ಕೋಟೆ ಬಿರಿದ ಹೊತ್ತಿಗೇ ಕಾವಲುಗಾರರೂ ಇಲ್ಲವಾದಂತೆ. ಕ್ರಿಮಿಗಳು ಹುಣ್ಣಿನ ದಾರಿಯಿಂದ ರಕ್ತವನ್ನು ಸೇರಬಲ್ಲವು.

ಆದುದರಿಂದ ಸಾಧ್ಯವಾದರೆ ಚಿಕಿತ್ಸೆಗೆ ಮೊದಲೇ ದಂತವೈದ್ಯರಿಗೆ ಬಾಯನ್ನು ತೋರಿಸತಕ್ಕದ್ದು. ಅತಿ ಮೃದುವಾದ ಬ್ರಷ್ಷಿನಿಂದ ಮೆಲ್ಲನೆ ಹಲ್ಲುಜ್ಜಬೇಕು. ಇದ್ದಿಲ ಪುಡಿ, ಬೇವಿನ ಕಡ್ಡಿ ಕೂಡದು. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಅಡಿಗೆ ಸೋಡಾ, ಅದರರ್ಧ ಉಪ್ಪು ಬೆರೆಸಿ ದಿನಕ್ಕೆ ಹಲವು ಸಲ ಮುಕ್ಕಳಿಸಿ ಉಗುಳಬೇಕು. ಮದ್ಯಸಾರವುಳ್ಳ ಅಂಗಡಿಯ ದ್ರವಗಳು ಉರಿಯನ್ನು ಹೆಚ್ಚಿಸುವುವು. ಉಪ್ಪಿನಕಾಯಿ, ಮೆಣಸಿನ ಸಾರು, ಚಕ್ಕುಲಿಗಳನ್ನು ಬಿಟ್ಟು, ಆರಿದ ಗಂಜಿ, ರಾಗಿಯ ಅಂಬಲಿ, ಮೆತ್ತನೆಯ ಅನ್ನ ಕೊಡಿರಿ. ನೋವಿಗೆಂದು ಆಸ್ಪಿರಿನ್ ಕೊಡಕೂಡದು. ಅದರಿಂದ ರಕ್ತಸ್ರಾವ ಹೆಚ್ಚೀತು.

ನಾಲಿಗೆಯ ಮೇಲೆ ಬಿಳಿಯ ಮಚ್ಚೆ, ಒಸಡಿನಲ್ಲಿ ನಿಲ್ಲದ ರಕ್ತ, ನೀರನ್ನೂ ನುಂಗಲಾಗದ ಸ್ಥಿತಿ ಕಂಡರೆ ವೈದ್ಯರಿಗೆ ತಿಳಿಸಿರಿ. ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡತಕ್ಕದ್ದು. ಜ್ವರದ ಗುಳಿಗೆ ನುಂಗಿಸಿ ಬೆಳಗಿನವರೆಗೆ ಕಾಯುವುದು ಅಪಾಯಕರ.

ಬಿಳಿಯ ಕಣಗಳು ಮರಳಿ ಏರಿದಂತೆ, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ, ಹುಣ್ಣು ಮಾಯುವುದು. ಆವರೆಗೆ ಮನೆಯವರ ತಾಳ್ಮೆಯೂ ಒಂದು ಔಷಧವೇ. ರೋಗಿಯಾದ ಮಗುವು ತುತ್ತನ್ನು ತಳ್ಳಿದರೆ ಹಠವೆಂದು ಗದರದೆ, ದೀಪ ಹಿಡಿದು ಮೊದಲು ಅದರ ಬಾಯನ್ನು ನೋಡಿರಿ.